ಕವಣೆಗಾರನಿಗೆ ಗುರಾಣಿ ಏಕೆ?

ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗಿ ಕಾಳು ಬಲಿಯುವ ದಿನಗಳಲ್ಲಿ, ನಮ್ಮ ಬಯಲು ಸೀಮೆಯ ಹೊಲಗಳ ನಡುವೆ ನಾಲ್ಕು ಗಳುಗಳ ಮೇಲೆ ಕಟ್ಟಿದ ಒಂದು ಮಂಚಿಕೆಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಗಿಳಿಗಳ ಅಥವಾ ಗುಬ್ಬಿಗಳ ಹಿಂಡು ಹೊಲಕ್ಕೆ ಇಳಿದೊಡನೆ ಮಂಚಿಕೆಯ ಮೇಲಿನ ಹುಡುಗ ಕೂಗು ಹಾಕಿ, ಕವಣೆಯನ್ನು ಬೀಸಿ, ಕಲ್ಲು ತೂರುತ್ತಾನೆ. ಚಿಕ್ಕಂದಿನಲ್ಲಿ ನಾವೂ ಈ ಕೆಲಸವನ್ನು ಮಾಡಿದ್ದುಂಟು. ಆಗ ನಮ್ಮ ಬಲಗೈ ಕವಣೆಯನ್ನು ಬೀಸುತ್ತಿತ್ತು. ಎಡಗೈ ಪಂಚೆಯ ಉಡಿಯನ್ನು ಹಿಡಿದುಕೊಂಡಿರುತ್ತಿತ್ತು. ಉಡಿಯ ತುಂಬ ಕೆರೆಯಂಗಳದಿಂದ ಆಯ್ದು ತಂದ ಕಲ್ಲುಗಳು.

ಇದೇ ಭಂಗಿಯಲ್ಲಿ ನಿಂತ ಮನುಷ್ಯನೊಬ್ಬನನ್ನು ರೋಮ್ ನಗರದಲ್ಲಿ ಇಂದಿಗೂ ನೋಡಬಹುದು. ಕ್ರಿ. ಶ. ೧೧೩ರಲ್ಲಿ ನಿಲ್ಲಿಸಿದ ಟ್ರೇಜನ್ ಚಕ್ರವರ್ತಿಯ ವಿಜಯಸ್ತಂಭದ ಮೇಲೆ, ಇಂದಿನ ರುಮೇನಿಯದ ನೆಲದಲ್ಲಿ ನಡೆದ ಡೇಸಿಯನ್ ಯುದ್ಧಗಳ ಕಥೆಯನ್ನು ಬಳ್ಳಿಯಂತೆ ಸುತ್ತಿಸಿ ಕೆತ್ತಲಾಗಿದೆ. ಅದರಲ್ಲಿ ಕವಣೆಗಾರರೂ ಇದ್ದಾರೆ. ಅವರ ಮೈಮೇಲೆ ಕವಚವಿಲ್ಲ; ಬರಿಯ ಅಂಗಿ. ಹೊದಿಕೆಯನ್ನು ಮಡಿಲಿನಂತೆ ಮಾಡಿ ಕಲ್ಲುಗಳನ್ನು ತುಂಬಿಕೊಂಡಿದ್ದಾರೆ. ನಮ್ಮ ಜೋಳದ ಹೊಲದ ಹುಡುಗನಿಗೂ ಅವರಿಗೂ ಮುಖ್ಯವಾದ ವ್ಯತ್ಯಾಸ ಒಂದೇ: ಆ ಸೈನಿಕರ ಎಡತೋಳಿನಲ್ಲಿ ಗುರಾಣಿ ಇದೆ.

ಇದು ಯೋಚಿಸಬೇಕಾದ ಸಂಗತಿ. ಚರಿತ್ರೆಯ ಪುಸ್ತಕಗಳು ಕವಣೆಗಾರರನ್ನು 'ಹಗುರ ಪಡೆ'ಯವರೆಂದು ಕರೆಯುತ್ತವೆ. ಅವರು ಶತ್ರುವಿನಿಂದ ದೂರ ನಿಂತು ಕಲ್ಲು ತೂರುವವರು. ಶತ್ರು ಮುಂದೆ ನುಗ್ಗಿದರೆ ಹಿಂದಕ್ಕೆ ಓಡುವವರು. ಅಂಥವರಿಗೆ ಗುರಾಣಿಯ ಭಾರವೇಕೆ? ಬೀಸುವಾಗ ಅದು ಅಡ್ಡಿಯಾಗುವುದಿಲ್ಲವೇ? ತರಗತಿಯಲ್ಲಿ ಕಲಿತ ಬಲವಿಜ್ಞಾನದ ಕೆಲವು ನಿಯಮಗಳನ್ನು ಹಿಡಿದುಕೊಂಡು ಈ ಪ್ರಶ್ನೆಯನ್ನು ನಾವು ಪರಿಶೀಲಿಸೋಣ.

ಕಲ್ಲಿನ ಜಡತ್ವವೇ ಎರಡನೆಯ ಕೈ

ಕವಣೆಯ ರಚನೆ ಬಹಳ ಸರಳವಾದುದು. ಎರಡು ಹುರಿಗಳು, ಅವುಗಳ ನಡುವೆ ಕಲ್ಲನ್ನು ಇಡಲು ಅಂಗೈಯಗಲದ ಒಂದು ಪಟ್ಟಿ. ಒಂದು ಹುರಿಯ ತುದಿಯಲ್ಲಿ ಕುಣಿಕೆ ಇರುತ್ತದೆ. ಅದನ್ನು ಬೆರಳಿಗೆ ಸಿಕ್ಕಿಸಿಕೊಳ್ಳಬೇಕು. ಇನ್ನೊಂದರ ತುದಿಯನ್ನು ಅದೇ ಕೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದಿರಬೇಕು. ಬೀಸಿ, ತಕ್ಕ ಗಳಿಗೆಯಲ್ಲಿ ಆ ತುದಿಯನ್ನು ಬಿಟ್ಟರೆ ಕಲ್ಲು ತಾನು ಸುತ್ತುತ್ತಿದ್ದ ವೃತ್ತದ ಸ್ಪರ್ಶರೇಖೆಯ ಗುಂಟ ಹಾರಿಹೋಗುತ್ತದೆ.

ತೋಳಿನ ಉದ್ದ ೬೦ ಸೆಂಟಿಮೀಟರ್, ಮಡಿಸಿ ಹಿಡಿದ ಕವಣೆಯ ಉದ್ದ ೯೦ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಕಲ್ಲು ಸುಮಾರು ೧.೫ ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ. ತೋಳು ಒಂದು ನಿಯತ ಕಾಲದಲ್ಲಿ ಎಷ್ಟು ಕೋನ ತಿರುಗುವುದೋ ಕಲ್ಲೂ ಅಷ್ಟೇ ಕೋನ ತಿರುಗಿದರೂ, ತ್ರಿಜ್ಯ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು. ಕೈಯಿಂದ ನೇರವಾಗಿ ಎಸೆಯುವುದಕ್ಕಿಂತ ಕವಣೆಯಿಂದ ಎಸೆಯುವುದರಲ್ಲಿ ಇರುವ ಲಾಭ ಇದು. ತೋಳು ಮತ್ತು ಕವಣೆಗಳೆರಡೂ ಒಂದೇ ಗಟ್ಟಿ ಕೋಲಿನಂತೆ ತಿರುಗುವುದಿಲ್ಲವೆಂಬುದು ನಿಜ. ಆದರೆ ನಮ್ಮ ಲೆಕ್ಕಕ್ಕೆ ಈ ಸರಳ ಕಲ್ಪನೆ ಸಾಕು.

ಈಗ ಬಿಲ್ಲನ್ನು ಇದರೊಡನೆ ಹೋಲಿಸಿ ನೋಡೋಣ. ಬಿಲ್ಲಿನಲ್ಲಿ ಶಕ್ತಿಯನ್ನು ಕೂಡಿಡುವುದು ಕಟ್ಟಿಗೆಯನ್ನು ಬಾಗಿಸುವುದರಿಂದ. ಬಾಗಿಸಬೇಕಾದರೆ ಒಂದು ಕೈ ಹೆದೆಯನ್ನು ಹಿಂದಕ್ಕೆ ಸೆಳೆಯಬೇಕು, ಇನ್ನೊಂದು ಕೈ ಬಿಲ್ಲನ್ನು ಮುಂದಕ್ಕೆ ಒತ್ತಿ ಹಿಡಿಯಬೇಕು. ಕ್ರಿಯೆ ಪ್ರತಿಕ್ರಿಯೆಗಳ ಈ ಜೋಡಿಯಲ್ಲಿ ಒಂದು ಕೈಯನ್ನು ತೆಗೆದರೆ ಬಿಲ್ಲು ಬಾಗುವುದೇ ಇಲ್ಲ. ಕವಣೆಯ ಹುರಿಯೂ ಬಿಗಿಯಾಗಿಯೇ ಇರುತ್ತದೆ. ಆದರೆ ಅದರ ಒಂದು ತುದಿಯನ್ನು ಕೈ ಎಳೆದರೆ, ಇನ್ನೊಂದು ತುದಿಯನ್ನು ಎಳೆಯುವುದು ನೇರವಾಗಿ ಹೋಗಬಯಸುವ ಕಲ್ಲಿನ ಜಡತ್ವ. ಬಿಲ್ಲಾಳಿನ ಎಡಗೈ ಮಾಡುವ ಕೆಲಸವನ್ನು ಇಲ್ಲಿ ಕಲ್ಲೇ ಮಾಡುತ್ತದೆ. ಆದುದರಿಂದ ಎಸೆಯುವ ಗಳಿಗೆಯಲ್ಲಿ ಕವಣೆಗಾರನ ಎಡಗೈ ಬಿಡುವಾಗಿರುತ್ತದೆ.

ಹೋಮರನ 'ಇಲಿಯಡ್' ಕಾವ್ಯದಲ್ಲಿ ಟ್ಯೂಸರನೆಂಬ ಬಿಲ್ಲಾಳು ತನ್ನ ಅಣ್ಣ ಏಜಾಕ್ಸನ ದೊಡ್ಡ ಗುರಾಣಿಯ ಹಿಂದೆ ಅಡಗಿ, ಹೊರಗೆ ಬಂದು ಬಾಣ ಬಿಟ್ಟು, ಮತ್ತೆ ಅದರ ಮರೆಗೆ ಓಡುವ ಪ್ರಸಂಗವಿದೆ. ನಿನೆವೆಯ ಅರಮನೆಯ ಅಸ್ಸೀರಿಯನ್ ಶಿಲ್ಪಗಳಲ್ಲಿಯೂ ಬಿಲ್ಲಾಳುಗಳಿಗೆ ಮರೆಯಾಗಿ ಗುರಾಣಿ ಹಿಡಿದು ನಿಂತ ಬೇರೆ ಆಳುಗಳನ್ನು ಕಾಣಬಹುದು. ಬಿಲ್ಲಾಳಿಗೆ ರಕ್ಷಣೆ ಬೇಕಾದರೆ ಎರಡನೆಯ ಮನುಷ್ಯನೊಬ್ಬ ಬೇಕು. ಕವಣೆಗಾರನಿಗೆ ತನ್ನ ಎಡಗೈಯೇ ಆ ಎರಡನೆಯ ಮನುಷ್ಯನಾಗಬಲ್ಲದು.

ಆದರೆ ಸಾಧ್ಯವೆಂಬುದು ಬೇರೆ, ಅವಶ್ಯವೆಂಬುದು ಬೇರೆ. ಅವನಿಗೆ ಗುರಾಣಿಯ ಅವಶ್ಯಕತೆ ನಿಜವಾಗಿ ಇದ್ದಿತೇ?

ಎಷ್ಟು ದೂರ, ಎಷ್ಟು ವೇಗ?

ಕ್ರಿ. ಶ. ೪ನೆಯ ಶತಮಾನದ ಕೊನೆ ಅಥವಾ ೫ನೆಯ ಶತಮಾನದ ಮೊದಲ ಭಾಗದಲ್ಲಿದ್ದ ವೆಜೀಷಿಯಸ್ ಎಂಬ ರೋಮನ್ ಲೇಖಕ ಯುದ್ಧವಿದ್ಯೆಯನ್ನು ಕುರಿತು ಒಂದು ಗ್ರಂಥ ಬರೆದಿದ್ದಾನೆ. ಬಿಲ್ಲಾಳುಗಳೂ ಕವಣೆಗಾರರೂ ಹುಲ್ಲಿನ ಅಥವಾ ಕಡ್ಡಿಗಳ ಕಟ್ಟನ್ನು ೬೦೦ ಅಡಿ ದೂರದಲ್ಲಿ ನಿಲ್ಲಿಸಿ ಗುರಿ ಅಭ್ಯಾಸ ಮಾಡುತ್ತಿದ್ದರೆಂದು ಅವನು ಹೇಳುತ್ತಾನೆ. ರೋಮನರ ಅಡಿ ಸುಮಾರು ೨೯.೬ ಸೆಂಟಿಮೀಟರ್, ಎಂದರೆ ಈ ದೂರ ಸುಮಾರು ೧೭೮ ಮೀಟರ್.

ಈ ಒಂದು ಅಂಕಿಯಿಂದ ಕಲ್ಲಿನ ವೇಗವನ್ನು ನಾವು ಅಂದಾಜು ಮಾಡಬಹುದು. ಗಾಳಿಯ ತಡೆಯನ್ನು ಬಿಟ್ಟರೆ, ೪೫ ಅಂಶದ ಕೋನದಲ್ಲಿ ಎಸೆದ ವಸ್ತು ಅತ್ಯಂತ ದೂರ ಹೋಗುತ್ತದೆ. ಆ ದೂರವು ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷವಾದ ೯.೮ರಿಂದ ಭಾಗಿಸಿದಷ್ಟು. ಹಾಗಾದರೆ ವೇಗದ ವರ್ಗ ೧೭೮ × ೯.೮ = ೧,೭೪೪; ವೇಗ ಸೆಕೆಂಡಿಗೆ ಸುಮಾರು ೪೨ ಮೀಟರ್. ಇದು ಗಂಟೆಗೆ ೧೫೦ ಕಿಲೋಮೀಟರ್! ಕ್ರಿಕೆಟ್ಟಿನ ಅತಿವೇಗದ ಬೌಲರ್ ಎಸೆಯುವ ಚೆಂಡಿನ ವೇಗಕ್ಕೆ ಇದು ಸಮ. ಗಾಳಿಯ ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಕವಣೆಯನ್ನು ಬಿಡುವಾಗಿನ ವೇಗ ಇನ್ನೂ ಹೆಚ್ಚಿರಬೇಕು.

೫೦ ಗ್ರಾಂ ತೂಕದ ಗುಂಡು ಈ ವೇಗದಲ್ಲಿ ೧.೫ ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುವಾಗ ಹುರಿಯ ಎಳೆತ ಎಷ್ಟು? ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿದರೆ ಸುಮಾರು ೫೯ ನ್ಯೂಟನ್ ಬರುತ್ತದೆ. ಆರು ಕಿಲೋಗ್ರಾಂ ತೂಕವನ್ನು ಒಂದು ಕ್ಷಣ ಎತ್ತಿ ಹಿಡಿದಂತೆ. ಒಂದು ಕೈಗೆ ಇದು ಅಸಾಧ್ಯವಾದ ಹೊರೆಯಲ್ಲ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ನಮ್ಮ ಕವಣೆಗಾರನ ಕಲ್ಲು ೧೭೮ ಮೀಟರ್ ದೂರದ ಶತ್ರುವನ್ನು ಮುಟ್ಟುವುದಾದರೆ, ಶತ್ರು ಪಕ್ಷದ ಕವಣೆಗಾರನ ಕಲ್ಲೂ ಬಿಲ್ಲಾಳಿನ ಬಾಣವೂ ನಮ್ಮವನನ್ನು ಮುಟ್ಟುತ್ತವೆ. ದೂರದಿಂದ ಹೊಡೆಯುವವನು ಕತ್ತಿಯಿಂದ ದೂರ ಇರುತ್ತಾನೆಯೇ ಹೊರತು ಕಲ್ಲಿನಿಂದಲ್ಲ. ಕತ್ತಿ ಈಟಿಗಳವರು ಹತ್ತಿರ ಬರುವ ಮೊದಲೇ ಎರಡು ಪಕ್ಷಗಳ ಹಗುರ ಪಡೆಗಳು ಒಂದನ್ನೊಂದು ಎದುರಿಸುತ್ತವೆ. ಅಷ್ಟೇ ಅಲ್ಲ, ಕವಣೆ ಬೀಸುವವನ ಸುತ್ತ ಒಂದೂವರೆ ಎರಡು ಮೀಟರಿನಷ್ಟು ತೆರವು ಬೇಕೇ ಬೇಕು. ಇಲ್ಲದಿದ್ದರೆ ಅವನ ಕಲ್ಲು ಪಕ್ಕದವನ ತಲೆಗೆ ತಗಲುವುದು. ಭಾರಿ ಕಾಲಾಳುಗಳಂತೆ ಒಬ್ಬರಿಗೊಬ್ಬರು ಅಂಟಿ ನಿಂತು ಗುರಾಣಿಗಳ ಗೋಡೆ ಕಟ್ಟಲು ಅವನಿಗೆ ಸಾಧ್ಯವಿಲ್ಲ. ಟ್ಯೂಸರನಂತೆ ಅಣ್ಣನ ಮರೆಯಲ್ಲಿ ನಿಂತು ಬೀಸುವಂತೆಯೂ ಇಲ್ಲ. ಅವನಿಗೆ ಮರೆ ಬೇಕಾದರೆ ಅದನ್ನು ಅವನೇ ಹೊತ್ತು ತರಬೇಕು.

ಕಣ್ಣಿಗೆ ಕಾಣದ ಗುಂಡು

"ಬರುವ ಕಲ್ಲನ್ನು ನೋಡಿ ಪಕ್ಕಕ್ಕೆ ಸರಿದರಾಯಿತಲ್ಲ!" ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಸಮಂಜಸವಾಗಿದೆ. ಸೆಕೆಂಡಿಗೆ ೪೨ ಮೀಟರ್ ವೇಗದಿಂದ ೪೫ ಅಂಶದ ಕೋನದಲ್ಲಿ ಎಸೆದ ಕಲ್ಲು ನೆಲ ಮುಟ್ಟಲು ಸುಮಾರು ಆರು ಸೆಕೆಂಡು ಹಿಡಿಯುತ್ತದೆ. ಆರು ಸೆಕೆಂಡಿನಲ್ಲಿ ಮನುಷ್ಯ ಹತ್ತು ಹೆಜ್ಜೆ ಓಡಬಲ್ಲ. ಆದರೆ ಅವನಿಗೆ ಕಲ್ಲು ಕಾಣಿಸಬೇಕಲ್ಲವೇ?

ಗ್ರೀಕ್ ಇತಿಹಾಸಕಾರ ಕ್ಸೆನೊಫನ್ ತಾನೇ ಭಾಗವಹಿಸಿದ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಕ್ರಿ. ಪೂ. ೪೦೧ರಲ್ಲಿ ಪರ್ಷಿಯದ ಒಳನಾಡಿನಿಂದ ತಾಯ್ನಾಡಿಗೆ ಹಿಂದಿರುಗುತ್ತಿದ್ದ ಗ್ರೀಕ್ ಸೈನ್ಯವನ್ನು ಪರ್ಷಿಯದ ಬಿಲ್ಲಾಳುಗಳೂ ಕವಣೆಗಾರರೂ ದೂರದಿಂದಲೇ ಕಾಡುತ್ತಿದ್ದರು. ಗ್ರೀಕರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆಗ ಸೈನ್ಯದಲ್ಲಿದ್ದ ರೋಡ್ಸ್ ದ್ವೀಪದವರಿಗೆ ಕವಣೆಯ ಅಭ್ಯಾಸವಿದೆಯೆಂಬುದು ಕ್ಸೆನೊಫನನ ನೆನಪಿಗೆ ಬಂದಿತು. ಅವರಿಂದ ಸುಮಾರು ೨೦೦ ಜನರ ಪಡೆಯೊಂದನ್ನು ಕಟ್ಟಲಾಯಿತು. ಪರ್ಷಿಯನರು ಮುಷ್ಟಿಗಾತ್ರದ ಕಲ್ಲುಗಳನ್ನು ಎಸೆಯುತ್ತಿದ್ದರೆ, ರೋಡ್ಸಿನವರಿಗೆ ಸೀಸದ ಗುಂಡುಗಳನ್ನು ಎಸೆಯುವ ವಿದ್ಯೆ ತಿಳಿದಿತ್ತು. ಅವರ ಗುಂಡುಗಳು ಎರಡರಷ್ಟು ದೂರ ಹೋಗುತ್ತಿದ್ದುವೆಂದು ಅವನು ಹೇಳುತ್ತಾನೆ.

ಇದರ ಕಾರಣವನ್ನು ಸುಲಭವಾಗಿ ತಿಳಿಯಬಹುದು. ಸೀಸದ ಸಾಂದ್ರತೆ ನೀರಿನ ೧೧.೩ರಷ್ಟು, ಸಾಮಾನ್ಯ ಕಲ್ಲಿನದು ಸುಮಾರು ೨.೭ರಷ್ಟು. ೫೦ ಗ್ರಾಂ ಸೀಸದ ಗುಂಡಿನ ವ್ಯಾಸ ಸುಮಾರು ೨ ಸೆಂಟಿಮೀಟರ್ ಆದರೆ, ಅಷ್ಟೇ ತೂಕದ ಕಲ್ಲಿನ ವ್ಯಾಸ ೩.೩ ಸೆಂಟಿಮೀಟರ್. ಗಾಳಿಗೆ ಎದುರಾಗುವ ಕ್ಷೇತ್ರ ಕಲ್ಲಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಅದೇ ಪ್ರಮಾಣದಲ್ಲಿ ಗಾಳಿಯ ತಡೆಯೂ ಹೆಚ್ಚು. ಸೀಸದ ಗುಂಡು ತನ್ನ ವೇಗವನ್ನು ಬಹು ದೂರದವರೆಗೆ ಉಳಿಸಿಕೊಳ್ಳುತ್ತದೆ.

ಸಣ್ಣ ಗಾತ್ರದಿಂದ ಆಗುವ ಎರಡನೆಯ ಪರಿಣಾಮ ಇನ್ನೂ ಭಯಂಕರವಾದುದು. ಆರೋಗ್ಯವಂತನ ಕಣ್ಣು ಸುಮಾರು ಒಂದು ಕಲೆಯಷ್ಟು, ಎಂದರೆ ಒಂದು ಅಂಶದ ಅರವತ್ತನೆಯ ಒಂದು ಭಾಗದಷ್ಟು, ಕೋನವನ್ನು ಗುರುತಿಸಬಲ್ಲದು. ಎರಡು ಸೆಂಟಿಮೀಟರ್ ಅಗಲದ ವಸ್ತು ೭೦ ಮೀಟರ್ ದೂರದಲ್ಲಿ ಕಣ್ಣಿನಲ್ಲಿ ಉಂಟುಮಾಡುವ ಕೋನ ಇಷ್ಟೇ. ಅದಕ್ಕಿಂತ ದೂರದಲ್ಲಿರುವ ಗುಂಡನ್ನು ಕಣ್ಣು ಸ್ಪಷ್ಟವಾಗಿ ಗುರುತಿಸಲಾರದು. ೩೦ ಮೀಟರಿನ ಹತ್ತಿರಕ್ಕೆ ಬಂದಾಗಲೂ ಅದು ಎರಡು ಕಲೆಗಳಷ್ಟು ಅಗಲದ ಒಂದು ಚುಕ್ಕೆ ಮಾತ್ರ. ನೇರವಾಗಿ ನಮ್ಮ ಕಡೆಗೇ ಬರುವ ವಸ್ತು ಎಡಕ್ಕಾಗಲಿ ಬಲಕ್ಕಾಗಲಿ ಸರಿದಂತೆಯೂ ಕಾಣುವುದಿಲ್ಲ. ಆದುದರಿಂದ ಅದರ ಚಲನೆಯೂ ನಮ್ಮನ್ನು ಎಚ್ಚರಿಸುವುದಿಲ್ಲ. ಗಾಳಿಯಲ್ಲಿ ಸ್ವಲ್ಪ ನಿಧಾನವಾಗಿ ಸೆಕೆಂಡಿಗೆ ೩೫ ಮೀಟರ್ ವೇಗದಿಂದ ಬರುತ್ತಿದ್ದರೂ ಅದು ಉಳಿದ ೩೦ ಮೀಟರನ್ನು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ಕಂಡದ್ದಕ್ಕೆ ಮೈ ಓಗೊಡುವುದಕ್ಕೇ ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಬರುತ್ತಿರುವುದು ಒಂದೇ ಗುಂಡಲ್ಲ, ನೂರಾರು ಎಂಬುದನ್ನೂ ಮರೆಯಬಾರದು.

ಎಂಟು ಸೆಂಟಿಮೀಟರ್ ಅಗಲದ ಮುಷ್ಟಿಗಾತ್ರದ ಕಲ್ಲಾದರೋ ಇದೇ ಲೆಕ್ಕದಂತೆ ೨೮೦ ಮೀಟರ್ ದೂರದಿಂದಲೇ ಕಾಣಬಲ್ಲದು. ಅದನ್ನು ತಪ್ಪಿಸಿಕೊಳ್ಳಬಹುದು. ಸೀಸದ ಗುಂಡನ್ನು ನೋಡಿ ತಪ್ಪಿಸಿಕೊಳ್ಳುವುದನ್ನು ನೆಚ್ಚುವಂತಿಲ್ಲ. ಕ್ರಿ. ಪೂ. ೫೪ರಲ್ಲಿ ಗಾಲ್ ದೇಶದಲ್ಲಿ ಸೀಸರನ ದಳಪತಿಗಳಲ್ಲಿ ಒಬ್ಬನಾದ ಕೋಟಾ ತನ್ನ ಸೈನಿಕರಿಗೆ ಧೈರ್ಯ ಹೇಳುತ್ತಿದ್ದಾಗಲೇ ಕವಣೆಯ ಏಟು ಅವನ ಮುಖಕ್ಕೆ ಬಿದ್ದಿತೆಂದು ಸೀಸರ್ ಬರೆದಿದ್ದಾನೆ. ಕಾಣದ ಏಟಿಗೆ ಪರಿಹಾರ ಒಂದೇ: ಅದು ಬರುವ ಮೊದಲೇ ಮರೆಯನ್ನು ಎತ್ತಿ ಹಿಡಿದಿರುವುದು.

ಗುರಾಣಿ ಮಾಡುವ ಕೆಲಸ

ಸಣ್ಣ ಗುರಾಣಿಯಿಂದ ಏನು ಪ್ರಯೋಜನವೆಂಬುದನ್ನು ಇನ್ನೊಂದು ಲೆಕ್ಕದಿಂದ ನೋಡೋಣ. ೫೦ ಗ್ರಾಂ ಗುಂಡು ದೂರ ಸಾಗಿ ಬಂದು ಸೆಕೆಂಡಿಗೆ ೩೦ ಮೀಟರ್ ವೇಗದಲ್ಲಿ ತಗಲಿತು ಎಂದಿಟ್ಟುಕೊಳ್ಳಿ. ಅದರ ಚಲನಶಕ್ತಿ ೨೨.೫ ಜೂಲ್, ಸಂವೇಗ ೧.೫ ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಎರಡು ಕಿಲೋಗ್ರಾಂ ತೂಕದ ಗುರಾಣಿಯಲ್ಲಿ ಅದು ನಾಟಿಕೊಂಡರೆ, ಸಂವೇಗದ ನಿತ್ಯತ್ವ ನಿಯಮದಂತೆ ಗುರಾಣಿ ಮತ್ತು ಗುಂಡು ಒಟ್ಟಿಗೆ ಸೆಕೆಂಡಿಗೆ ೦.೭೩ ಮೀಟರ್ ವೇಗದಿಂದ ಹಿಂದೆ ಸರಿಯುತ್ತವೆ. ಆ ಚಲನೆಯ ಶಕ್ತಿ ಕೇವಲ ೦.೫೫ ಜೂಲ್. ಉಳಿದ ನೂರಕ್ಕೆ ತೊಂಬತ್ತೇಳಕ್ಕಿಂತ ಹೆಚ್ಚು ಪಾಲು ಮರವನ್ನು ಜಜ್ಜುವುದರಲ್ಲಿ, ಸೀಸವನ್ನು ಚಪ್ಪಟೆ ಮಾಡುವುದರಲ್ಲಿ, ಶಬ್ದದಲ್ಲಿ, ಶಾಖದಲ್ಲಿ ವ್ಯಯವಾಗಿಬಿಡುತ್ತದೆ. ಎಲುಬನ್ನು ಮುರಿಯಬಹುದಾಗಿದ್ದ ಏಟು ತೋಳಿಗೆ ಒಂದು ಸಣ್ಣ ತಳ್ಳುವಿಕೆಯಾಗಿ ಮಾತ್ರ ತಿಳಿಯುತ್ತದೆ.

ಗಟ್ಟಿ ಗುರಾಣಿ ಇಲ್ಲದವರು ಏನು ಮಾಡುತ್ತಿದ್ದರು? ಸ್ಪೇನಿನ ಪೂರ್ವಕ್ಕಿರುವ ಬ್ಯಾಲೆಯಾರಿಕ್ ದ್ವೀಪಗಳ ಜನ ಪ್ರಾಚೀನ ಜಗತ್ತಿನ ಅತ್ಯಂತ ಪ್ರಸಿದ್ಧ ಕವಣೆಗಾರರು. ಗುರಿಯಾಗಿ ಇಟ್ಟ ರೊಟ್ಟಿಗೆ ಕಲ್ಲು ತಗಲಿಸುವವರೆಗೆ ತಾಯಂದಿರು ಮಕ್ಕಳಿಗೆ ಅದನ್ನು ಕೊಡುತ್ತಿರಲಿಲ್ಲವೆಂದು ಡಿಯೊಡೋರಸ್ ಎಂಬ ಲೇಖಕ ಹೇಳುತ್ತಾನೆ. ಈ ದ್ವೀಪಗಳವರು ಯುದ್ಧಕ್ಕೆ ಹೋಗುವಾಗ ಮೇಕೆಯ ಚರ್ಮವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದರೆಂದು ಭೂಗೋಳಕಾರ ಸ್ಟ್ರಾಬೊ ತಿಳಿಸುತ್ತಾನೆ. ಬರಿಯ ಚರ್ಮದ ಸುರುಳಿಯಿಂದಲೂ ಪ್ರಯೋಜನವಿದೆ. ೨೨.೫ ಜೂಲ್ ಶಕ್ತಿಯ ಗುಂಡನ್ನು ಒಂದು ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಬೇಕಾದರೆ ಸರಾಸರಿ ಬಲ ೨,೨೫೦ ನ್ಯೂಟನ್. ಮೂರು ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿದರೆ ೭೫೦ ನ್ಯೂಟನ್. ವಿಕೆಟ್ ಕೀಪರನ ಕೈಚೀಲ ಮಾಡುವ ಕೆಲಸವೂ ಇದೇ.

೬೦ ಸೆಂಟಿಮೀಟರ್ ವ್ಯಾಸದ ಗುರಾಣಿ ನಿಂತ ಮನುಷ್ಯನ ಎತ್ತರದಲ್ಲಿ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಮುಚ್ಚಬಲ್ಲದು. ಆದರೆ ಮುಖ, ಕುತ್ತಿಗೆ, ಎದೆ ಇರುವುದು ಆ ಮೂರನೆಯ ಒಂದು ಪಾಲಿನಲ್ಲಿಯೇ. ಬಲಗೈಯವನು ಬೀಸಲು ನಿಲ್ಲುವಾಗ ಎಡಗಾಲನ್ನು ಮುಂದಿಟ್ಟು, ಎಡ ಮಗ್ಗುಲನ್ನು ಶತ್ರುವಿಗೆ ತೋರಿ ನಿಲ್ಲುತ್ತಾನೆ. ಎಡತೋಳಿನ ಗುರಾಣಿ ತಾನಾಗಿಯೇ ಅವನಿಗೂ ಶತ್ರುವಿಗೂ ನಡುವೆ ಬರುತ್ತದೆ. ಇನ್ನೊಂದು ಸಂಗತಿಯನ್ನು ಹೊಲ ಕಾದವರು ಮಾತ್ರ ಬಲ್ಲರು. ಕವಣೆ ಬೀಸುವುದು ಒಂದು ಗಳಿಗೆಯ ಕೆಲಸ. ತಲೆಯ ಸುತ್ತ ಒಂದೇ ಸುತ್ತು ಸಾಕೆಂದು ವೆಜೀಷಿಯಸನೂ ಹೇಳುತ್ತಾನೆ. ಹೆಚ್ಚು ಹೊತ್ತು ಹಿಡಿಯುವುದು ಉಡಿಯಿಂದ ಕಲ್ಲನ್ನು ಆಯ್ದು ಪಟ್ಟಿಯಲ್ಲಿ ಕೂಡಿಸುವುದಕ್ಕೆ. ಆಗ ಕಣ್ಣು ಹೊಲವನ್ನು ಬಿಟ್ಟು ಕೈಯನ್ನು ನೋಡುತ್ತಿರುತ್ತದೆ. ನಮಗೆ ಅದರಿಂದ ಆಗುತ್ತಿದ್ದ ನಷ್ಟ ನಾಲ್ಕು ತೆನೆ ಜೋಳ. ರಣರಂಗದಲ್ಲಿ ಶತ್ರುವಿನಿಂದ ಕಣ್ಣು ತೆಗೆದವನು ಕಳೆದುಕೊಳ್ಳುವುದು ಪ್ರಾಣವನ್ನು. ಆ ಹೊತ್ತಿನಲ್ಲಿ ತೋಳಿನ ಮೇಲೆ ಗುರಾಣಿಯಿದ್ದರೆ, ನೋಡದಿರುವವನನ್ನೂ ಅದು ಕಾಯುತ್ತದೆ.

ಕಲ್ಲು ಕೂಡಿಸಲು ಎಡಗೈಯ ಬೆರಳುಗಳು ಬೇಕಲ್ಲ, ಗುರಾಣಿಯನ್ನು ಹಿಡಿಯುವುದು ಹೇಗೆ? ಗುರಾಣಿಯನ್ನು ಹಿಡಿಯುವ ಕ್ರಮಗಳು ಎರಡು. ನಡುವಿನ ಒಂದೇ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದು ಒಂದು. ಮುಂದೋಳಿಗೆ ಪಟ್ಟಿಯಿಂದ ಸಿಕ್ಕಿಸಿಕೊಳ್ಳುವುದು ಇನ್ನೊಂದು. ಎರಡನೆಯ ಕ್ರಮದಲ್ಲಿ ಬೆರಳುಗಳು ಬಿಡುವಾಗಿರಬಲ್ಲವು. ಕವಣೆಗಾರನಿಗೆ ಅನುಕೂಲವಾದುದು ಇದೇ.

ಗುರಾಣಿಗೆ ತೆರಬೇಕಾದ ಬೆಲೆ

ಇಷ್ಟೆಲ್ಲ ಲಾಭವಿದ್ದರೆ ಕವಣೆಗಾರರು ದೊಡ್ಡ ಗುರಾಣಿಯನ್ನೇ ಏಕೆ ಹೊರಲಿಲ್ಲ? ಇದಕ್ಕೆ ಉತ್ತರ ಆವರ್ತ ಚಲನೆಯ ನಿಯಮಗಳಲ್ಲಿದೆ. ಕವಣೆಯ ಬೀಸು ತೋಳೊಂದರ ಕೆಲಸವಲ್ಲ. ಸೊಂಟ, ಬೆನ್ನು, ಹೆಗಲುಗಳೆಲ್ಲ ಅದರೊಡನೆ ತಿರುಗುತ್ತವೆ. ತಿರುಗುವ ವಸ್ತು ತೋರಿಸುವ ಜಡತ್ವವು ಅದರ ದ್ರವ್ಯರಾಶಿಯನ್ನು ಮಾತ್ರವಲ್ಲದೆ, ಅಕ್ಷದಿಂದ ಅದು ಇರುವ ದೂರದ ವರ್ಗವನ್ನೂ ಅವಲಂಬಿಸಿದೆ. ನೇರವಾಗಿ ನಿಂತ ಮನುಷ್ಯನ ದೇಹಕ್ಕೆ ಈ ಜಡತ್ವ ಸುಮಾರು ೧.೨ ಕಿಲೋಗ್ರಾಂ ಚದರ ಮೀಟರ್. ಆರು ಕಿಲೋಗ್ರಾಂ ತೂಕದ ಗುರಾಣಿಯನ್ನು ಅಕ್ಷದಿಂದ ೭೦ ಸೆಂಟಿಮೀಟರ್ ದೂರಕ್ಕೆ ಚಾಚಿ ಹಿಡಿದರೆ ಅದೊಂದರ ಜಡತ್ವವೇ ೨.೯; ದೇಹದ ಎರಡು ಪಟ್ಟಿಗೂ ಮೀರಿದ್ದು! ಅಂಥ ಭಾರವನ್ನು ಹೊತ್ತವನು ಚುರುಕಾಗಿ ತಿರುಗಲಾರ. ಅವನ ಕಲ್ಲು ದೂರ ಹೋಗಲಾರದು.

ಎರಡು ಕಿಲೋಗ್ರಾಂ ತೂಕದ ಸಣ್ಣ ಗುರಾಣಿಯಾದರೆ, ಚಾಚಿ ಹಿಡಿದಾಗ ಅದರ ಪಾಲು ಸುಮಾರು ೧.೦, ಎದೆಯ ಹತ್ತಿರ, ಅಕ್ಷದಿಂದ ೨೫ ಸೆಂಟಿಮೀಟರ್ ದೂರಕ್ಕೆ ಸೆಳೆದುಕೊಂಡಾಗ ೦.೧೩ ಮಾತ್ರ. ಗುರಿ ನೋಡುವಾಗ ಗುರಾಣಿಯನ್ನು ಮುಂದೆ ಚಾಚಿ, ಬೀಸುವಾಗ ಮೈಗೆ ಸೆಳೆದುಕೊಂಡರೆ, ಒಟ್ಟು ಜಡತ್ವ ಕಡಿಮೆಯಾಗಿ ದೇಹ ಹೆಚ್ಚು ವೇಗವಾಗಿ ತಿರುಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ತಿರುಗು ಪೀಠದ ಮೇಲೆ ಕುಳಿತು, ಕೈಗಳಲ್ಲಿ ತೂಕದ ಬಟ್ಟುಗಳನ್ನು ಹಿಡಿದು, ಒಮ್ಮೆ ತೋಳು ಚಾಚಿ ಒಮ್ಮೆ ಮಡಿಸಿ ನೋಡಿದವರಿಗೆ ಇದರ ಅನುಭವವಿದೆ. ವೇಗದ ಬೌಲರ್ ಚೆಂಡನ್ನು ಬಿಡುವ ಮೊದಲು ಎತ್ತಿದ ಎಡಗೈಯನ್ನು ಪಕ್ಕೆಗೆ ಸೆಳೆದುಕೊಳ್ಳುವುದನ್ನೂ ಗಮನಿಸಿ. ಹಗುರವಾದ ಗುರಾಣಿ ಬೀಸುವಿಕೆಗೆ ಅಷ್ಟೇನೂ ಅಡ್ಡಿಯಲ್ಲ; ಭಾರವಾದುದು ಖಂಡಿತವಾಗಿಯೂ ಅಡ್ಡಿ. ಕಲ್ಲನ್ನು ಬಿಡುವ ಆ ಒಂದು ಕ್ಷಣದಲ್ಲಿ ಮಾತ್ರ ಅವನ ಬಲಹೆಗಲು ಮುಂದೆ ಬಂದು ಮೈ ತೆರೆದುಕೊಳ್ಳುತ್ತದೆ. ಅಷ್ಟು ಅಪಾಯ ಅವನಿಗೆ ತಪ್ಪಿದ್ದಲ್ಲ.

ಚರಿತ್ರೆ ಹೇಳುವ ಸಾಕ್ಷ್ಯ

ನಮ್ಮ ಲೆಕ್ಕಗಳು ಗುರಾಣಿ ಸಾಧ್ಯವೆಂದೂ ಉಪಯುಕ್ತವೆಂದೂ ತೋರಿಸುತ್ತವೆ. ಆದರೆ ಹಿಂದಿನವರು ನಿಜವಾಗಿ ಏನು ಮಾಡಿದರೆಂಬುದನ್ನು ಲೆಕ್ಕದಿಂದ ಹೇಳಲಾಗದು. ಅದಕ್ಕೆ ಶಿಲ್ಪಗಳನ್ನೂ ಗ್ರಂಥಗಳನ್ನೂ ಕೇಳಬೇಕು. ಅವುಗಳ ಉತ್ತರ ಒಂದೇ ತೆರನಾಗಿಲ್ಲ.

ಕ್ರಿ. ಪೂ. ೭೦೧ರ ಲೇಕಿಷ್ ನಗರದ ಮುತ್ತಿಗೆಯನ್ನು ತೋರಿಸುವ ಅಸ್ಸೀರಿಯನ್ ಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿಯ ಕವಣೆಗಾರರಿಗೆ ಗುರಾಣಿ ಇಲ್ಲ. ಬದಲಾಗಿ ಚೂಪು ತುದಿಯ ಶಿರಸ್ತ್ರಾಣವೂ ಮೈಗೆ ಕವಚವೂ ಇವೆ. ಆಸ್ಪೆಂಡಸ್ ಎಂಬ ನಗರದ ಹಳೆಯ ಬೆಳ್ಳಿ ನಾಣ್ಯಗಳ ಮೇಲಿನ ಕವಣೆಗಾರನಿಗೂ ಗುರಾಣಿ ಇಲ್ಲ. ಟ್ರೇಜನ್ನನ ಸ್ತಂಭದವರಿಗೆ ಕವಚವಿಲ್ಲ, ಗುರಾಣಿಯುಂಟು. ರಕ್ಷಣೆ ಎಲ್ಲರಿಗೂ ಬೇಕಾಗಿತ್ತು. ಅದನ್ನು ಮೈಮೇಲೆ ತೊಡುವುದೋ ತೋಳಿನಲ್ಲಿ ಹೊರುವುದೋ ಎಂಬುದು ಆಯಾ ಸೈನ್ಯದ ಸಂಪತ್ತು ಮತ್ತು ಪದ್ಧತಿಗಳಿಗೆ ಸೇರಿದ ಮಾತು. ಬೆಲೆಯಲ್ಲಿ ಲೋಹದ ಕವಚಕ್ಕೂ ಮರ ಅಥವಾ ಬೆತ್ತದ ಗುರಾಣಿಗೂ ಇರುವ ಅಂತರವನ್ನು ಹೇಳಬೇಕಾಗಿಲ್ಲ.

ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. ಕವಣೆಯನ್ನು ಹೊರುವುದು ಒಂದು ಶ್ರಮವೇ ಅಲ್ಲ, ಆದುದರಿಂದ ಹೊಸ ಸೈನಿಕರೆಲ್ಲರೂ ಅದನ್ನು ಕಲಿಯಬೇಕೆಂದು ವೆಜೀಷಿಯಸ್ ಹೇಳುತ್ತಾನೆ. ಹುರಿಯ ಆ ತುಂಡನ್ನು ನಡುಕಟ್ಟಿನಲ್ಲಿ ಸಿಕ್ಕಿಸಿಕೊಂಡ ಯಾವ ಗುರಾಣಿಗಾರನಾದರೂ ಬೇಕಾದಾಗ ಕವಣೆಗಾರನಾಗಬಹುದು. ಕ್ರಿ. ಶ. ೧೨೮ರಲ್ಲಿ ಹೇಡ್ರಿಯನ್ ಚಕ್ರವರ್ತಿ ಇಂದಿನ ಆಲ್ಜೀರಿಯದ ಲ್ಯಾಂಬೀಸಿಸ್ ಶಿಬಿರದಲ್ಲಿ ಮಾಡಿದ ಭಾಷಣವನ್ನು ಕಲ್ಲಿನಲ್ಲಿ ಕೆತ್ತಿಸಲಾಗಿದೆ. ಅದರಲ್ಲಿ ರಾವುತರು ಕವಣೆಯಿಂದ ಕಲ್ಲು ಎಸೆದುದನ್ನು ಅವನು ಮೆಚ್ಚಿಕೊಂಡಿದ್ದಾನೆ. ಕುದುರೆಯ ಮೇಲಿನಿಂದಲೂ ಒಂದೇ ಕೈಯಲ್ಲಿ ಬೀಸಬಹುದಾಗಿದ್ದ ಆಯುಧ ಇದು. ಮಧ್ಯಯುಗದ ಆರಂಭದಲ್ಲಿ, ಕ್ರಿ. ಶ. ೬೦೦ರ ಸುಮಾರಿಗೆ, ಮಾರಿಸ್ ಚಕ್ರವರ್ತಿಯ ಹೆಸರಿನಲ್ಲಿ ರಚಿತವಾದ ಬೈಜಾಂಟಿಯಮ್ಮಿನ ಯುದ್ಧಗ್ರಂಥವು ಹಗುರ ಕಾಲಾಳಿಗೆ ಬಿಲ್ಲು, ಸಣ್ಣ ಈಟಿಗಳೊಡನೆ ಸಣ್ಣ ಗುರಾಣಿಯೂ ಕವಣೆಯೂ ಇರಬೇಕೆಂದು ವಿಧಿಸುತ್ತದೆ. ಉಡಿಯ ಕಲ್ಲು ಮುಗಿದ ಮೇಲೆ, ಅಥವಾ ಶತ್ರುವಿನ ರಾವುತರು ಮೇಲೆ ಬಿದ್ದಾಗ, ಆ ಆಳಿನ ಕೈಯಲ್ಲಿ ಉಳಿಯುವುದು ಆ ಗುರಾಣಿಯೇ.

ಇನ್ನು ಒಂದು ಸಾಕ್ಷ್ಯ ನಮ್ಮ ವಾದಕ್ಕೆ ಒರೆಗಲ್ಲಿನಂತಿದೆ. ನಾಲ್ಕು ಅಡಿ ಉದ್ದದ ಕೋಲಿಗೆ ಚರ್ಮದ ಕವಣೆಯನ್ನು ಕಟ್ಟಿ, ಎರಡೂ ಕೈಗಳಿಂದ ಬೀಸುವ ಕೋಲುಗವಣೆಯನ್ನು ವೆಜೀಷಿಯಸ್ ವರ್ಣಿಸಿದ್ದಾನೆ. ಮಧ್ಯಯುಗದ ಯೂರೋಪಿನ ಚಿತ್ರಗಳಲ್ಲಿಯೂ ಅದು ಕಾಣುತ್ತದೆ. ಭಾರವಾದ ಕಲ್ಲುಗಳಿಗೆ ಅದು ತಕ್ಕುದು. ಆದರೆ ಅಲ್ಲಿ ಎಡಗೈಗೂ ಕೆಲಸವಿರುವುದರಿಂದ ಬೀಸುವವನು ಗುರಾಣಿ ಹಿಡಿಯುವಂತಿಲ್ಲ. ಕೋಟೆಯ ಗೋಡೆಯೋ ಹಡಗಿನ ಅಂಚೋ ಅವನಿಗೆ ಮರೆಯಾಗಬೇಕು. ಕಲ್ಲು ಅದೇ, ಹುರಿ ಅದೇ. ಆದರೆ ಎರಡನೆಯ ಕೈಯನ್ನು ಕೇಳಿದೊಡನೆ ಆಯುಧವು ಗುರಾಣಿಯನ್ನು ಕಸಿದುಕೊಂಡಿತು.

ಆದುದರಿಂದ ನಮ್ಮ ತೀರ್ಮಾನ ಇಷ್ಟು. ಎಲ್ಲ ಕವಣೆಗಾರರೂ ಗುರಾಣಿ ಹೊತ್ತಿರಲಿಲ್ಲ. ಹೊತ್ತವರಿಗೆ ಅದನ್ನು ಸಾಧ್ಯವಾಗಿಸಿದುದು ಕಲ್ಲಿನ ಜಡತ್ವ. ಅವಶ್ಯವಾಗಿಸಿದುದು ಕಣ್ಣಿಗೆ ಕಾಣದ ಗುಂಡು ಮತ್ತು ಬಿಡಿಬಿಡಿಯಾಗಿ ನಿಲ್ಲಬೇಕಾದ ಪಾಡು. ಅದರ ಗಾತ್ರವನ್ನು ಸಣ್ಣದಾಗಿಸಿದುದು ತಿರುಗುವ ದೇಹದ ಜಡತ್ವ. ಈ ಮೂರನ್ನೂ ಸಮೀಕರಣಗಳಲ್ಲಿ ಬರೆಯಲು ಆ ಮನುಷ್ಯನಿಗೆ ಬರುತ್ತಿರಲಿಲ್ಲ. ತೋಳಿನ ಅನುಭವದಿಂದಲೂ ಪಕ್ಕದಲ್ಲಿ ಬಿದ್ದ ಗೆಳೆಯರಿಂದಲೂ ಅವನು ಅವನ್ನು ಕಲಿತಿದ್ದನು.

ವಾಚಕರು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಜನಗಳಿಲ್ಲದ ಬಯಲಿನಲ್ಲಿ, ಕಲ್ಲಿಗೆ ಬದಲಾಗಿ ಬಟ್ಟೆಯ ಚೆಂಡನ್ನು ಕವಣೆಯಲ್ಲಿಟ್ಟು ಹತ್ತು ಸಲ ಬೀಸಿ, ಅದು ಹೋಗುವ ದೂರವನ್ನು ಅಳೆಯಿರಿ. ಅನಂತರ ಮನೆಯ ಮೊರವೊಂದನ್ನು ಎಡ ಮುಂದೋಳಿಗೆ ಕಟ್ಟಿಕೊಂಡು ಮತ್ತೆ ಹತ್ತು ಸಲ ಬೀಸಿ. ಕೊನೆಗೆ ಅದೇ ತೋಳಿಗೆ ಐದಾರು ಕಿಲೋಗ್ರಾಂ ತೂಕದ ಮಣೆಯನ್ನು ಕಟ್ಟಿ ನೋಡಿ. ಮೂರು ಸರಾಸರಿಗಳನ್ನು ಪಕ್ಕಪಕ್ಕದಲ್ಲಿ ಬರೆದು ಹೋಲಿಸಿದರೆ, ಟ್ರೇಜನ್ನನ ಸ್ತಂಭದ ಮೇಲಿನ ಕವಣೆಗಾರನು ತನ್ನ ಗುರಾಣಿಯನ್ನು ಹೇಗೆ ಆರಿಸಿಕೊಂಡನೆಂಬುದು ತಮಗೇ ತಿಳಿಯುವುದು.